ಸೆರೆ ಮತ್ತು ಕೆರೆ



ಪುತ್ತೂರು, ಸುಳ್ಯ, ಕಡಬ ಈ ಮೂರು ಸೀಮೆಗಳಿಂದ ಬಂದು ಇಲ್ಲಿ ನೆರೆದಿರುವ ನಿಮ್ಮೆದುರು ಇಂದು ನಾವು ಒಂದೇ ಒಂದು ಮಾತನ್ನು ಬಿಡಿಸಿ ನೋಡಬೇಕೆಂದಿದ್ದೇವೆ. ಅದು ದೊಡ್ಡ ಶಾಸ್ತ್ರದ ಮಾತಲ್ಲ. ಎರಡೇ ಅಕ್ಷರದ ಮಾತು. ಸೆರೆ. ಮನುಷ್ಯ ಮನುಷ್ಯನನ್ನು ಹಿಡಿದು ಕೂಡಿಹಾಕುವುದಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಅದು. ಸೆರೆಮನೆ, ಸೆರೆವಾಸ, ಸೆರೆಯಾಳು ಎಂದೆಲ್ಲ ಅದರಿಂದಲೇ ಆಯಿತು. 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಇಬ್ಬರ ಪ್ರಾಣ ತೆಗೆದ ಕಾಡಾನೆಯನ್ನು ಹಿಡಿದಾಗಲೂ 'ಆನೆ ಸೆರೆಯಾಯಿತು' ಎಂದೇ ಎಲ್ಲರೂ ಅಂದರು. ದಿನಬೆಳಗಾದರೆ ಬಾಯಲ್ಲಿ ಬರುವ ಮಾತು. ಆದರೆ ಅದರ ಹೊಟ್ಟೆಯೊಳಗೆ ಏನಿದೆ ಎಂದು ಯಾರು ನೋಡುತ್ತಾರೆ?

ಮೊದಲು ಒಂದು ಗೊಂದಲವನ್ನು ಕಳೆದುಕೊಳ್ಳೋಣ. ಕನ್ನಡದಲ್ಲಿ ಸೆರೆ ಎಂಬ ಮಾತು ಒಂದಲ್ಲ, ಹಲವು. ಕುಡಿಯುವ ಹೆಂಡಕ್ಕೂ ಸೆರೆ ಎನ್ನುತ್ತಾರೆ. ದುಃಖ ಒತ್ತಿ ಬಂದಾಗ 'ಕೊರಳ ಸೆರೆ ಬಿಗಿಯಿತು' ಎನ್ನುತ್ತೇವೆ. ಅಲ್ಲಿ ಸೆರೆ ಎಂದರೆ ನರ. ಅಂಗೈಯನ್ನು ಬಗ್ಗಿಸಿ ಕುಳಿ ಮಾಡಿ ನೀರು ಹಿಡಿದರೆ ಅದೂ ಒಂದು ಸೆರೆ. ಮೊದಲನೆಯ ಸೆರೆ ಹೆಚ್ಚಾದವನು ಒಂದಲ್ಲ ಒಂದು ದಿನ ನಮ್ಮ ಇಂದಿನ ಸೆರೆಗೆ ಬೀಳುತ್ತಾನೆ ಎಂದು ತಮಾಷೆಗೆ ಹೇಳಬಹುದು. ಆದರೆ ಮಾತುಗಳು ಬೇರೆ ಬೇರೆ. ಹಳಗನ್ನಡದಲ್ಲಿ ಈ ಗೊಂದಲ ಇಷ್ಟಿರಲಿಲ್ಲ. ಬಂಧನದ ಸೆರೆಯನ್ನು ಅವರು 'ಸೆಱೆ' ಎಂದು ಬರೆಯುತ್ತಿದ್ದರು, ಶಕಟರೇಫವೆಂಬ ಆ ಗಡಸು ಱಕಾರವಿಟ್ಟು. ಆ ಅಕ್ಷರ ಬಳಕೆಯಿಂದ ಬಿದ್ದುಹೋದ ಮೇಲೆ ಬೇರೆ ಬೇರೆ ಮನೆಯ ಮಾತುಗಳು ಒಂದೇ ಅಂಗಿ ತೊಟ್ಟುಕೊಂಡವು. ಕಿಟ್ಟೆಲರ ಕೋಶ 1894ರಲ್ಲಿ ನಿಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದಲೇ ಹೊರಬಂತು. ಅಂಥ ಕೋಶಗಳನ್ನು ಬಿಡಿಸಿ ನೋಡಿದವರಿಗೆ ಈ ಭೇದ ತಿಳಿಯುತ್ತದೆ.

ಇನ್ನು ಆ ಱಕಾರವಿದ್ದ ಇನ್ನೊಂದು ಮಾತನ್ನು ನೆನೆಯಿರಿ. ಕೆರೆ. ಅದನ್ನೂ ಹಳಬರು 'ಕೆಱೆ' ಎಂದೇ ಬರೆಯುತ್ತಿದ್ದರು. ಕೆಱೆ, ಸೆಱೆ. ಇದು ಬರಿಯ ಪ್ರಾಸವೇ? ಅಲ್ಲ. ನೆರೆಯ ಭಾಷೆಗಳನ್ನು ಕೇಳಿ ನೋಡಿ. ತಮಿಳಿನಲ್ಲಿ 'ಚಿಱೈ' ಎಂದರೆ ಸೆರೆ. ಅದೇ ಮಾತಿಗೆ ನೀರಿನ ಕಟ್ಟೆ, ಏರಿ, ಕೆರೆ ಎಂಬ ಅರ್ಥಗಳೂ ಇವೆ. ಮಲೆಯಾಳದಲ್ಲಿ 'ಚಿಱ' ಎಂದರೆ ಏರಿ ಕಟ್ಟಿ ನಿಲ್ಲಿಸಿದ ನೀರು. ತೆಲುಗಿನಲ್ಲಿ 'ಚೆಱ' ಎಂದರೆ ಸೆರೆ, 'ಚೆಱುವು' ಎಂದರೆ ಕೆರೆ. ನಾವು ಕಿವಿ ಎಂದರೆ ತಮಿಳರು ಚೆವಿ ಎನ್ನುತ್ತಾರೆ. ನಾವು ಗೆಯ್ ಎಂದರೆ ಅವರು ಚೆಯ್ ಎನ್ನುತ್ತಾರೆ. ನಮ್ಮಲ್ಲಿ ಕಕಾರ ಉಳಿದ ಕಡೆ ಅವರಲ್ಲಿ ಚಕಾರವಾಯಿತು. ಹಾಗೆ ನೋಡಿದರೆ ಕೆರೆ ನಮ್ಮಲ್ಲಿ ಹಳೆಯ ರೂಪದಲ್ಲೇ ಉಳಿಯಿತು. ಸೆರೆ ರೂಪ ಬದಲಿಸಿಕೊಂಡು ನಿಂತಿತು. ಎರಡೂ ಒಂದೇ ಬೇರಿನ ಕವಲುಗಳೆಂದು ಭಾಷಾಪಂಡಿತರು ಎಣಿಸುತ್ತಾರೆ. ಆ ಬೇರಿನ ಅರ್ಥ ಇಷ್ಟೇ: ಹರಿದು ಹೋಗುವುದನ್ನು ತಡೆದು ನಿಲ್ಲಿಸುವುದು.

ನೋಡಿದಿರಾ, ಎಂಥ ಅಚ್ಚರಿ! ಊರಿಗೆ ಅನ್ನ ಕೊಡುವ ಕೆರೆಯೂ, ಮನುಷ್ಯನ ಬಾಳನ್ನು ನಿಲ್ಲಿಸಿಬಿಡುವ ಸೆರೆಯೂ ಒಂದೇ ತಾಯಿಯ ಮಕ್ಕಳು. ಹಾಗಾದರೆ ಒಂದು ಪುಣ್ಯವೂ ಇನ್ನೊಂದು ಸಂಕಟವೂ ಆದದ್ದು ಹೇಗೆ? ಇಂದಿನ ನಮ್ಮ ವಿಚಾರವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ.

ಇದಕ್ಕೆ ಉತ್ತರ ನಾವು ಹೇಳಬೇಕಾಗಿಲ್ಲ. ನಿಮ್ಮ ತೋಟಗಳಲ್ಲಿಯೇ ಇದೆ. ನಿಮ್ಮ ಸೀಮೆಯಲ್ಲಿ ಬಯಲುಸೀಮೆಯ ಹಾಗೆ ದೊಡ್ಡ ಕೆರೆಗಳು ಕಡಿಮೆ. ಇಲ್ಲಿಯದು ತೋಡು, ಹಳ್ಳ, ಹೊಳೆ. ಕುಮಾರಧಾರೆ ಸುಬ್ರಹ್ಮಣ್ಯದಿಂದ ಇಳಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಪಯಸ್ವಿನಿ ಸುಳ್ಯವನ್ನು ದಾಟಿ ಕಾಸರಗೋಡಿನ ಕಡೆಗೆ ಹೋಗುತ್ತದೆ. ಮಳೆಗಾಲ ಕಳೆದು ತೋಡಿನ ನೀರು ಸಪೂರವಾದಾಗ ನಿಮ್ಮ ಹಿರಿಯರು ಏನು ಮಾಡುತ್ತಿದ್ದರು? ಕಲ್ಲು, ಮಣ್ಣು, ಮರಳು, ಅಡಿಕೆಮರದ ಕಾಂಡ, ಸೊಪ್ಪು ಇವನ್ನೆಲ್ಲ ಸೇರಿಸಿ ತೋಡಿಗೆ ಅಡ್ಡಲಾಗಿ 'ಕಟ್ಟ' ಹಾಕುತ್ತಿದ್ದರು. ಒಬ್ಬನಿಂದ ಆಗುವ ಕೆಲಸವಲ್ಲ; ಹತ್ತು ಮನೆಯವರು ಕೂಡಿ ಮಾಡಬೇಕು. ಕಟ್ಟದಲ್ಲಿ ನಿಂತ ನೀರು ಇಕ್ಕೆಲದ ಮಣ್ಣಿಗೆ ಇಳಿದು ಬಾವಿಗಳು ತುಂಬುತ್ತಿದ್ದವು, ಅಡಿಕೆ ತೋಟ ಬೇಸಗೆಯನ್ನು ದಾಟುತ್ತಿತ್ತು. ಮೊದಲ ಮಳೆ ಬರುವಾಗ ಅದೇ ಕೈಗಳು ಕಟ್ಟವನ್ನು ಬಿಡಿಸುತ್ತಿದ್ದವು. ಈಚಿನ ಕಿಂಡಿ ಅಣೆಕಟ್ಟಿನಲ್ಲೂ ಹಾಗೆಯೇ: ಹೊತ್ತು ನೋಡಿ ಹಲಗೆ ಇಳಿಸುವುದು, ಹೊತ್ತು ನೋಡಿ ಹಲಗೆ ಎತ್ತುವುದು.

ಇದರಲ್ಲಿ ಮೂರು ಧರ್ಮಗಳಿವೆ. ಕಟ್ಟಕ್ಕೆ ಒಂದು ಅವಧಿಯುಂಟು. ಅದು ಎಂದೆಂದಿಗೂ ಇರುವುದಲ್ಲ. ಕಟ್ಟಕ್ಕೆ ಒಂದು ಕಿಂಡಿಯುಂಟು. ಕೆರೆಗೆ ತೂಬಿದ್ದ ಹಾಗೆ. ಕಟ್ಟಕ್ಕೆ ಒಂದು ಹೊಣೆಯುಂಟು, ಕಟ್ಟಿದವರೇ ಬಿಡಿಸಬೇಕು. ಅವಧಿ, ಕಿಂಡಿ, ಹೊಣೆ. ಈ ಮೂರೂ ಇದ್ದರೆ ತಡೆದು ನಿಲ್ಲಿಸಿದ್ದು ಕೆರೆಯಾಗುತ್ತದೆ. ಮೂರೂ ತಪ್ಪಿದರೆ? ನೀರೇ ಆಗಲಿ ಕೊಳೆಯುತ್ತದೆ, ಇಲ್ಲವೇ ಏರಿ ಒಡೆದು ಊರನ್ನೇ ಕೊಚ್ಚಿಕೊಂಡು ಹೋಗುತ್ತದೆ. ಮನುಷ್ಯನಾದರೆ ಅದೇ ಸೆರೆ.

ತಡೆಯುವುದೇ ಪಾಪವೆಂದು ನಾವು ಹೇಳುತ್ತಿಲ್ಲ, ಇದನ್ನು ಸರಿಯಾಗಿ ತಿಳಿಯಬೇಕು. ಬಲವಂತನು ಬಡವನ ಮೇಲೆ ಕೈಮಾಡಿದರೆ ತಡೆಯಲೇಬೇಕು. ರೆಂಜಿಲಾಡಿಯ ಆನೆಯನ್ನು ಹಾಗೆಯೇ ಬಿಟ್ಟಿದ್ದರೆ ಇನ್ನೆಷ್ಟು ಮನೆ ಅಳುತ್ತಿತ್ತೋ! ಆದರೆ ತಡೆದವನ ಮೇಲೆ ಆ ಮೂರು ಧರ್ಮಗಳ ಭಾರ ಬೀಳುತ್ತದೆ. ಹಿಡಿಯುವುದು ಸುಲಭ, ಹಿಡಿದ ಮೇಲೆ ಏನು ಎಂಬುದು ಕಷ್ಟ.

ಬೇರೆ ಭಾಷೆಗಳಿಂದ ನಮ್ಮಲ್ಲಿಗೆ ಬಂದ ಮಾತುಗಳೂ ಇದನ್ನೇ ಹೇಳುತ್ತವೆ. ತುರಂಗ ಎನ್ನುತ್ತೇವೆ. ಸಂಸ್ಕೃತದಲ್ಲಿ ತುರಂಗ ಎಂದರೆ ಕುದುರೆ. ವೇಗವಾಗಿ ಓಡುವ ಕುದುರೆಯ ಹೆಸರು ಓಡಲಾಗದವನ ಮನೆಗೆ ಹೇಗೆ ಬಂತು? ಬರಲಿಲ್ಲ, ಇದು ಬೇರೆ ತುರಂಗ. ಪೋರ್ಚುಗೀಸರ ಭಾಷೆಯಲ್ಲಿ 'ತ್ರೋಂಕು' ಎಂದರೆ ಮರದ ದಿಮ್ಮಿ. ದಿಮ್ಮಿಯಲ್ಲಿ ತೂತು ಕೊರೆದು ಅಪರಾಧಿಯ ಕಾಲನ್ನು ಅದರಲ್ಲಿ ಸಿಕ್ಕಿಸುತ್ತಿದ್ದರು. ಅದರಿಂದ ಆ ಮಾತಿಗೆ ಸೆರೆಮನೆ ಎಂಬ ಅರ್ಥ ಬಂತು. ಕರಾವಳಿಯಲ್ಲಿ ಇಳಿದ ಆ ಮಾತು ಮರಾಠಿಯಲ್ಲಿ 'ತುರುಂಗ', ಮಲೆಯಾಳದಲ್ಲಿ 'ತುಱುಂಗು', ನಮ್ಮಲ್ಲಿ ತುರಂಗವಾಯಿತು. ನಿಮ್ಮ ಸೀಮೆಯವರು ನೀರಿಗಾಗಿ ಗುಡ್ಡದ ಹೊಟ್ಟೆಯಲ್ಲಿ ಸುರಂಗ ಕೊರೆಯುತ್ತಾರೆ. ಸುರಂಗ ಕೊರೆದರೆ ನೀರು ಹೊರಗೆ ಬರುತ್ತದೆ. ಈ ತುರಂಗಕ್ಕೆ ಕೊರೆದ ತೂತಿನಲ್ಲಿ ಕಾಲು ಸಿಕ್ಕಿಬೀಳುತ್ತದೆ! ಇಂಗ್ಲಿಷಿನ ಜೈಲು ಎಂಬುದರ ಮೂಲ ಲ್ಯಾಟಿನಿನಲ್ಲಿ ಸಣ್ಣ ಪಂಜರ. ಕೈದಿ ಎಂಬುದು ಅರಬಿಯ ಮಾತು. ನಮ್ಮ ಕೈಗೂ ಅದಕ್ಕೂ ಸಂಬಂಧವಿಲ್ಲ, ಅದರ ಮೂಲದ ಅರ್ಥ ಕಟ್ಟು, ಬೇಡಿ ಎಂದು. ದಿಮ್ಮಿ, ಪಂಜರ, ಬೇಡಿ: ಈ ಮೂರರಲ್ಲೂ ಕಿಂಡಿಯ ಸುಳಿವಿಲ್ಲ.

ಆದರೆ ಇನ್ನೊಂದು ಮಾತಿದೆ, ಅದನ್ನು ಮನಸ್ಸಿಟ್ಟು ಕೇಳಿ. ದಸ್ತಗಿರಿ. ಪೊಲೀಸರು ಹಿಡಿದರೆ ದಸ್ತಗಿರಿಯಾಯಿತು ಎನ್ನುತ್ತೇವೆ. ಪಾರಸಿಯಲ್ಲಿ 'ದಸ್ತ್' ಎಂದರೆ ಕೈ, 'ಗೀರ್' ಎಂದರೆ ಹಿಡಿಯುವವನು. ದಸ್ತಗೀರ್ ಎಂದರೆ ಕೈ ಹಿಡಿಯುವವನು. ಮುಸಲ್ಮಾನ ಬಂಧುಗಳು ಮಕ್ಕಳಿಗೆ ದಸ್ತಗೀರ್ ಎಂದು ಹೆಸರಿಡುತ್ತಾರಲ್ಲ, ಅಲ್ಲಿ ಅದಕ್ಕೆ ಆಸರೆ ಕೊಡುವವನು, ಬಿದ್ದವನನ್ನು ಎತ್ತುವವನು ಎಂದು ಅರ್ಥ. ಅದೇ ಮಾತು ಕಚೇರಿಯ ಕಾಗದದಲ್ಲಿ ಬಂಧನವಾಯಿತು. ಒಂದೇ ಕೈ, ಒಂದೇ ಹಿಡಿತ. ಮುಳುಗುವವನನ್ನು ದಡಕ್ಕೆ ಎಳೆಯುವ ಹಿಡಿತವೂ ಅದೇ, ದಡದಲ್ಲಿದ್ದವನನ್ನು ಕತ್ತಲೆಗೆ ಎಳೆಯುವ ಹಿಡಿತವೂ ಅದೇ. ಕೆರೆ ಮತ್ತು ಸೆರೆಯ ಕಥೆಯೇ ಇಲ್ಲಿ ಮತ್ತೆ ಬಂತು, ಅಲ್ಲವೇ?

ನಮ್ಮ ಶೈವಶಾಸ್ತ್ರದಲ್ಲಿ ಪಶು, ಪತಿ, ಪಾಶ ಎಂಬ ಮೂರು ಮಾತುಗಳನ್ನು ಕೇಳಿದ್ದೀರಿ. ಜೀವನು ಪಶು, ಪಾಶದಲ್ಲಿ ಕಟ್ಟುಬಿದ್ದವನು. ಹಟ್ಟಿಯ ದನವನ್ನು ಹಗ್ಗದಲ್ಲಿ ಕಟ್ಟುವ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಳಗ್ಗೆ ಹಗ್ಗ ಬಿಚ್ಚುವವನನ್ನು ದನ ಒಡೆಯನೆಂದು ತಿಳಿಯುತ್ತದೆ. ಕಟ್ಟಿ ಮರೆತವನನ್ನು ಯಾವ ದನವೂ ಒಡೆಯನೆನ್ನುವುದಿಲ್ಲ. ಪತಿಯೆನಿಸಿಕೊಳ್ಳುವವನ ಲಕ್ಷಣ ಬಿಚ್ಚುವುದರಲ್ಲಿದೆ.

ಈಗ ನಿಮ್ಮ ನೆಲದ ಇತಿಹಾಸಕ್ಕೆ ಬರೋಣ. ಈ ಮಾತಿಗೆ ಅಲ್ಲಿ ದೊಡ್ಡ ಸಾಕ್ಷಿಯಿದೆ. ಅಮರಸುಳ್ಯವೂ ಪುತ್ತೂರೂ ಕೊಡಗಿನ ಹಾಲೇರಿ ಅರಸರ ಆಳಿಕೆಯಲ್ಲಿದ್ದವು. ಆ ಅರಸರು ವೀರಶೈವರು. ಆ ಮನೆತನಕ್ಕೆ ಸೆರೆಯ ನೋವು ಹೊಸದಲ್ಲ. ದೊಡ್ಡವೀರರಾಜೇಂದ್ರನು ಟೀಪುವಿನ ಕಾಲದಲ್ಲಿ ಪಿರಿಯಾಪಟ್ಟಣದ ಕೋಟೆಯಲ್ಲಿ ಸೆರೆಯಲ್ಲಿದ್ದು 1788ರಲ್ಲಿ ತಪ್ಪಿಸಿಕೊಂಡು ಬಂದವನು. 1834ರಲ್ಲಿ ಇಂಗ್ಲಿಷ್ ಕಂಪನಿಯವರು ಚಿಕ್ಕವೀರರಾಜನನ್ನು ಗದ್ದುಗೆಯಿಂದ ಇಳಿಸಿ ಕಾಶಿಗೆ ಕಳಿಸಿದರು. ಆತ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ; ತನ್ನ ನೆಲವನ್ನು ಮತ್ತೆ ಕಾಣಲಿಲ್ಲ. ಅದೇ 1834ರಲ್ಲಿ ನಿಮ್ಮ ಸೀಮೆಯನ್ನು ಕೊಡಗಿನಿಂದ ಕಳಚಿ ಕೆನರಾ ಜಿಲ್ಲೆಗೆ ಸೇರಿಸಿದರು. ಅದುವರೆಗೆ ಬೆಳೆದ ಧಾನ್ಯದಲ್ಲಿ ಕಂದಾಯ ಕೊಡುತ್ತಿದ್ದ ರೈತರು ಇನ್ನು ನಗದು ಹಣದಲ್ಲಿ ಕೊಡಬೇಕಾಯಿತು. ಗದ್ದೆಯಲ್ಲಿ ಭತ್ತವಿದೆ, ಕೈಯಲ್ಲಿ ಕಾಸಿಲ್ಲ. ಕಿಂಡಿಯಿಲ್ಲದ ಕಟ್ಟ ಎಂದರೆ ಇದೇ.

ಆ ಕಟ್ಟ 1837ರ ಮಾರ್ಚ್ ಕೊನೆಯಲ್ಲಿ ಒಡೆಯಿತು. ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರು ಮುಂದಾಳುಗಳಾಗಿ ಸುಳ್ಯದಿಂದ ಹೊರಟರು. ದಂಡಿನ ಮುಂದೆ ಕಲ್ಯಾಣಸ್ವಾಮಿ ಎಂಬ ಹೆಸರಿತ್ತು. ಹಾಲೇರಿ ಮನೆತನದ ಹಕ್ಕುದಾರನೆನಿಸಿದ ನಿಜವಾದ ಕಲ್ಯಾಣಸ್ವಾಮಿ ಆಗ ಕಂಪನಿಯವರ ಸೆರೆಯಲ್ಲಿದ್ದನೆಂದೂ, ಪುಟ್ಟಬಸಪ್ಪನೆಂಬ ಒಕ್ಕಲಿನ ಮನುಷ್ಯ ಆ ಹೆಸರನ್ನು ಹೊತ್ತು ಬಂದನೆಂದೂ ಇತಿಹಾಸ ಬರೆದವರು ಹೇಳುತ್ತಾರೆ. ಇದನ್ನು ಯೋಚಿಸಿ: ದೇಹವನ್ನು ಗೋಡೆಯ ಒಳಗೆ ಹಾಕಿದರು, ಹೆಸರು ಗೋಡೆ ಹಾರಿ ಹೊರಗೆ ಬಂತು! ಬೆಳ್ಳಾರೆಯ ಖಜಾನೆ ಕೈವಶವಾಯಿತು. ಏಪ್ರಿಲ್ 5ರಂದು ಮಂಗಳೂರು ಅವರದಾಯಿತು. ಬಾವುಟಗುಡ್ಡೆಯಲ್ಲಿ ಕಂಪನಿಯ ಬಾವುಟ ಇಳಿದು ಅವರದು ಏರಿತು. ಅದು ನಿಂತದ್ದು 13 ದಿನ. ಆಮೇಲೆ ಕಂಪನಿಯ ಪಡೆ ಬಂತು. ಕಲ್ಯಾಣಸ್ವಾಮಿಯೆನಿಸಿಕೊಂಡವನನ್ನೂ ಲಕ್ಷ್ಮಪ್ಪ ಬಂಗರಸನನ್ನೂ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಜನರ ಕಣ್ಣೆದುರೇ ಗಲ್ಲಿಗೆ ಹಾಕಿದರು. ಎಷ್ಟೋ ಮಂದಿ ಸೆರೆಮನೆ ಸೇರಿದರು.

ಗಲ್ಲಿನವರು ಹೋದರು, ಸೆರೆಯವರ ಅವಧಿಯೂ ಮುಗಿಯಿತು. ಆದರೆ ಒಂದು ಸೆರೆ ಮುಗಿಯಲಿಲ್ಲ. ಆಳುವವರು ಈ ದಂಗೆಯನ್ನು ದರೋಡೆಯ ಲೆಕ್ಕಕ್ಕೆ ಹಾಕಿದರು. ಜನರ ಬಾಯಲ್ಲಿ ಅದು 'ಕಲ್ಯಾಣಪ್ಪನ ಕಾಟಕಾಯಿ' ಎಂದು ಉಳಿಯಿತು. ಕಾಟಕಾಯಿ ಎಂದರೆ ಸುಲಿಗೆ, ಹಾವಳಿ. ಕಂದಾಯದ ಅನ್ಯಾಯಕ್ಕೆ ಎದುರು ನಿಂತವರ ಮಕ್ಕಳು, ಮೊಮ್ಮಕ್ಕಳು ಆ ಒಂದು ಮಾತಿನ ಒಳಗೆ ನೂರು ವರ್ಷಕ್ಕೂ ಮೇಲ್ಪಟ್ಟು ಕೂತರು. ಗೋಡೆಯಿಲ್ಲ, ಬಾಗಿಲಿಲ್ಲ, ಕಾವಲುಗಾರನಿಲ್ಲ, ಆದರೂ ಸೆರೆ. ಊರಿನ ವಿದ್ವಾಂಸರು ಹಳೆಯ ಕಡತಗಳನ್ನು ತೆಗೆದು, ಅಜ್ಜಂದಿರ ಬಾಯಿಂದ ಕೇಳಿ, ಇದು ಅಮರಸುಳ್ಯದ ಸ್ವಾತಂತ್ರ್ಯ ಸಮರ ಎಂದು ಹೇಳಲು ತೊಡಗಿದ ಮೇಲೆ ಆ ಬಾಗಿಲು ಸ್ವಲ್ಪಸ್ವಲ್ಪವಾಗಿ ತೆರೆಯಿತು. 2022ರ ನವೆಂಬರ್ 19ರಂದು ಅದೇ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆಯ ಅನಾವರಣವಾಯಿತು. ಲೆಕ್ಕ ಹಾಕಿ: 13 ದಿನದ ಬಾವುಟಕ್ಕೆ 185 ವರ್ಷದ ಸೆರೆ! ಗೋಡೆಯ ಸೆರೆಗಿಂತ ಮಾತಿನ ಸೆರೆ ಉದ್ದ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಸದ್ಭಕ್ತರೇ, ಇದು ಹಳೆಯ ಕಥೆಯೆಂದು ಇಲ್ಲಿಗೆ ಬಿಡುವಂತಿಲ್ಲ. 2022ರ ಕೊನೆಯ ದಿನದ ಸರಕಾರದ ಲೆಕ್ಕದಲ್ಲಿ ನಮ್ಮ ದೇಶದ ಸೆರೆಮನೆಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣೆ ಮುಗಿಯದವರು. ಎಂದರೆ ನಾಲ್ವರಲ್ಲಿ ಮೂವರು ಅಪರಾಧಿಗಳೆಂದು ಇನ್ನೂ ತೀರ್ಮಾನವೇ ಆಗದವರು. ಅಪರಾಧಿಗೆ ಇಷ್ಟು ವರ್ಷ ಎಂಬ ಅವಧಿಯುಂಟು; ತೀರ್ಪಿಗೆ ಕಾಯುವವನಿಗೆ ಅದೂ ಇಲ್ಲ. ಜಾಮೀನು ಮಂಜೂರಾದ ಮೇಲೂ ಹೊಣೆ ನಿಲ್ಲುವವರಿಲ್ಲದೆ ಒಳಗೇ ಉಳಿದ ಬಡವರಿದ್ದಾರೆ. ಜಾಮೀನು ಎಂಬ ಮಾತಿನ ಅರ್ಥವೇ ಹೊಣೆ ಹೊರುವವನು ಎಂದು. ಅದೂ ಅರಬಿಯಿಂದ ಬಂದದ್ದು. ಕಟ್ಟದ ಮೂರನೆಯ ಧರ್ಮ ಹೊಣೆ ಎಂದೆವಲ್ಲ, ಅದು ಇಲ್ಲಿ ಬೇಕಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮು ಒಂದು ಕಿಂಡಿಯನ್ನು ತೆರೆದಿದೆ. ಗಲ್ಲು ಅಥವಾ ಆಜೀವ ಸೆರೆಯ ಆರೋಪವಿಲ್ಲದೆ, ಬೇರೆ ಮೊಕದ್ದಮೆಗಳೂ ಇಲ್ಲದೆ, ಮೊದಲ ಬಾರಿ ಸಿಕ್ಕಿಬಿದ್ದವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರರಲ್ಲಿ ಒಂದು ಪಾಲನ್ನು ಒಳಗೆ ಕಳೆದಿದ್ದರೆ ಮುಚ್ಚಳಿಕೆಯ ಮೇಲೆ ಬಿಡುಗಡೆ ಹೊಂದಬಹುದು. ಕಿಂಡಿಯಿದೆ; ಅದರ ಹಲಗೆ ಎತ್ತುವ ಕೈ ಬೇಕು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಬಡವನಿಗೆ ವಕೀಲರ ನೆರವು ಪುಕ್ಕಟೆ ಸಿಗುತ್ತದೆ. ನಿಮ್ಮ ಊರಿನಲ್ಲಿ ಅಂಥ ಒಂದು ಮನೆಯಿದ್ದರೆ, ಆ ತಾಯಿಯನ್ನು ಅಲ್ಲಿಯವರೆಗೆ ಕರೆದುಕೊಂಡು ಹೋಗುವುದು ಒಂದು ದಿನದ ಕೆಲಸ.

ಕೂಡಿಹಾಕುವುದು ಸರಕಾರದವರು ಮಾತ್ರವಲ್ಲ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ನಿಮ್ಮ ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿಸಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ಆದರೆ ಅಷ್ಟರೊಳಗೆ ಏಳಲಾರದ, ಮಾತಾಡಲಾರದ ಮಕ್ಕಳು ಎಷ್ಟೋ ಮನೆಗಳಲ್ಲಿ ಹುಟ್ಟಿದ್ದರು. ಕೂಲಿಗೆ ಹೋಗಬೇಕಾದ ತಾಯಿ ಅಂಥ ಮಗುವನ್ನು ಒಳಗಿಟ್ಟು ಬಾಗಿಲಿಗೆ ಚಿಲಕ ಹಾಕಿದರೆ ಅವಳನ್ನು ದೂರುವಿರಾ? ಅವಳೂ ಆ ಚಿಲಕದ ಒಳಗೇ ಇದ್ದಾಳೆ, ದೇಹ ಮಾತ್ರ ತೋಟದಲ್ಲಿ. ಕೊಕ್ಕಡದಲ್ಲೂ ಕೊಯಿಲದಲ್ಲೂ ಇಂಥ ಮಕ್ಕಳಿಗೆ ಹಗಲುಪಾಲನಾ ಕೇಂದ್ರಗಳು ಆದವು. ಅದು ದಸ್ತಗಿರಿಯ ಮೊದಲ ಅರ್ಥ, ಕೈಹಿಡಿದು ಎತ್ತುವುದು. ಬುದ್ಧಿ ಕದಡಿದವರನ್ನು ಕಂಬಕ್ಕೆ ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ನಿಷೇಧಿಸಿದೆ. ಕಾಯಿದೆ ಸರಪಳಿಯನ್ನು ಬಿಚ್ಚೆನ್ನುತ್ತದೆ. ಬಿಚ್ಚಿದ ಮೇಲೆ ಆ ಮನೆಯವರ ಜೊತೆ ಒಂದು ಹೊತ್ತು ಕೂತುಕೊಳ್ಳುವವರು ಯಾರು? ನೆರೆಮನೆಯವರು, ನೀವು.

ಕೊನೆಯದಾಗಿ, ಎಲ್ಲಕ್ಕಿಂತ ಹತ್ತಿರದ್ದು, ನಮ್ಮ ನಾಲಗೆ. ಒಬ್ಬ ಶಿಕ್ಷೆ ಮುಗಿಸಿ ಬಂದ. ಸರಕಾರ ಅವನ ಲೆಕ್ಕ ತೀರಿಸಿ ಬಾಗಿಲು ತೆರೆಯಿತು. ಊರಿನ ಬಸ್ಸು ಇಳಿಯುವಾಗಲೇ ಒಬ್ಬರು ಇನ್ನೊಬ್ಬರಿಗೆ ಹೇಳುತ್ತಾರೆ, 'ಜೈಲಿಗೆ ಹೋಗಿ ಬಂದವನು'. ಅವನಿಗೆ ಕೆಲಸವಿಲ್ಲ, ಅವನ ತಂಗಿಗೆ ಸಂಬಂಧ ಬರುವುದಿಲ್ಲ, ಅವನ ಮಗನಿಗೆ ಶಾಲೆಯಲ್ಲಿ ಅದೇ ಅಡ್ಡಹೆಸರು. ಸರಕಾರದ ಸೆರೆಗೆ ಅವಧಿಯಿತ್ತು. ಈ ಸೆರೆಗೆ ಇಲ್ಲ. ಕಾಟಕಾಯಿ ಎಂಬ ಮಾತಿನಲ್ಲಿ ನಿಮ್ಮ ಹಿರಿಯರನ್ನೇ ಕೂಡಿಹಾಕಿದ್ದ ನೋವು ಬಲ್ಲ ಸೀಮೆಯವರು ನೀವು. ಆ ನೋವನ್ನು ಇನ್ನೊಬ್ಬನ ಮನೆಗೆ ದಾಟಿಸಬಾರದು. ಅವನಿಗೊಂದು ಕಾಯಕ ಕೊಡಿ. ಅವನನ್ನು ಅವನ ಹೆಸರಿನಿಂದ ಕರೆಯಿರಿ. ಅಷ್ಟರಿಂದ ಅವನ ತಪ್ಪು ಅಳಿಯುತ್ತದೆ ಎಂದು ನಾವು ಹೇಳುವುದಿಲ್ಲ. ಅವನಿಂದ ನೊಂದವರ ಮನೆಗೂ ಹೋಗಿ ಅವರ ಕೈಯನ್ನೂ ಹಿಡಿಯಬೇಕು. ಆದರೆ ತೀರಿದ ಲೆಕ್ಕವನ್ನು ಮತ್ತೆ ಮತ್ತೆ ವಸೂಲು ಮಾಡುವುದು ಧರ್ಮವಲ್ಲ.

ಬರುವ ನವೆಂಬರಿನಲ್ಲಿ ಹತ್ತು ಮನೆಯವರು ಕೂಡಿ ತೋಡಿಗೆ ಕಟ್ಟ ಹಾಕುವಾಗ ಈ ಮಾತನ್ನು ನೆನೆಯಿರಿ. ನೀರನ್ನು ಹಿಡಿಯುವಾಗ ಅದನ್ನು ಬಿಡುವ ದಿನವನ್ನೂ ನೀವು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತೀರಿ. ಮನುಷ್ಯರ ವಿಷಯದಲ್ಲೂ ಹಾಗೆಯೇ ಇರಲಿ. ಎಲ್ಲರಿಗೂ ಒಳಿತಾಗಲಿ.